ಒಂದೇ ತಂತಿಗೆ ಎರಡು ಕೈ

"ನನ್ನ ಗಂಡ ಕಳ್ಳ ಅಲ್ರೀ ಸರ. ಅಷ್ಟ ಒಂದು ಮಾತು ಯಾರರ ಬರದು ಕೊಟ್ರ ಸಾಕು. ನಾ ನನ್ನ ಮಗಳನ್ನ ಕರಕೊಂಡು ಊರಿಗೆ ಹೋಗ್ತೀನಿ."

ಮಸ್ಕತ್ತಿನ ಅಲ್ ಗುಬ್ರಾದಲ್ಲಿ, ಬೊನಿಫಾಸ್ ಮಥಾಯಸರ ಮೂರನೇ ಮಹಡಿಯ ಫ್ಲ್ಯಾಟಿನ ಹೊಸ್ತಿಲಲ್ಲಿ ನಿಂತೇ ಮಲ್ಲವ್ವ ಹೀಗೆ ಹೇಳಿದಳು. ಬೊನಿಫಾಸ್ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತರು. ಸೋಮನಾಥನೂ ಎದ್ದ. ಆದರೆ ಅವಳ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ. ಅವಳ ಗಂಡ ಬಸಯ್ಯ ಬಾಗಲಕೋಟೆಯವನು, ಸೋಮನಾಥ ಗದಗಿನವನು. ಮಸ್ಕತ್ತಿನಲ್ಲಿ ಹನ್ನೊಂದು ವರ್ಷ ಒಂದೇ ಪಂಕ್ತಿಯಲ್ಲಿ ರೊಟ್ಟಿ ತಿಂದವರು. ಆದರೂ ಊರೆಲ್ಲ ಬಸಯ್ಯನನ್ನು ಆಡಿಕೊಂಡಾಗ ಸೋಮನಾಥನೂ "ಹಿಂಗ ಮಾಡಬಾರದಿತ್ತು" ಎಂದು ತಲೆಯಾಡಿಸಿದ್ದ.

ಅದು ೨೦೧೬ರ ಮಾರ್ಚ್. ಎಣ್ಣೆಯ ಬೆಲೆ ನೆಲಕಚ್ಚಿ ಒಂದೂವರೆ ವರ್ಷವಾಗಿತ್ತು. ವಾರಕ್ಕೊಂದು ಕುಟುಂಬ ಸಾಮಾನು ಕಟ್ಟಿ ಹೊರಡುತ್ತಿತ್ತು. ಡ್ರಾಫ್ಟ್ಸ್‌ಮನ್ ಆಗಿದ್ದ ಸೋಮನಾಥನಿಗೂ ಕಂಪನಿ ನೋಟಿಸ್ ಕೊಟ್ಟಾಗಿತ್ತು. ಕೆಲಸವಿಲ್ಲದ ಆ ಕೊನೆಯ ತಿಂಗಳುಗಳಲ್ಲಿ ಅವನು ಬೊನಿಫಾಸರಿಗೆ ಸಾರಥಿಯಾಗಿದ್ದ. ಬೊನಿಫಾಸ್ ಇಪ್ಪತ್ತಾರು ವರ್ಷದಿಂದ ರುವಿಯ ಒಂದು ವಿಮಾ ಕಚೇರಿಯಲ್ಲಿ ವಾಹನ ಸರ್ವೇಯರ್. ಜಜ್ಜಿಹೋದ ಕಾರುಗಳನ್ನು ನೋಡಿ ನೋಡಿ, ತಾವು ಸ್ಟಿಯರಿಂಗ್ ಮುಟ್ಟುವುದನ್ನೇ ಬಿಟ್ಟಿದ್ದರು. ಯಾರ ಮನೆಯಲ್ಲಿ ಒಡವೆ ಕಳೆದರೂ, ಯಾವ ಕಾರ್ಮಿಕ ಕ್ಯಾಂಪಿನಲ್ಲಿ ಪಾಸ್‌ಪೋರ್ಟ್ ಮಾಯವಾದರೂ ಕನ್ನಡದ ಜನ ಮೊದಲು ಬಂದು ತಟ್ಟುತ್ತಿದ್ದುದು ಅವರ ಬಾಗಿಲನ್ನೇ.

"ಒಳಗೆ ಬನ್ನಿ ಅಮ್ಮ, ಕೂತುಕೊಳ್ಳಿ. ಮೊದಲಿನಿಂದ ಹೇಳಿ, ನನಗೇನೂ ಗೊತ್ತಿಲ್ಲ ಅಂತಲೇ ತಿಳಿದು ಹೇಳಿ," ಎಂದರು ಬೊನಿಫಾಸ್.

ಮಲ್ಲವ್ವ ಸೋಫಾದ ಅಂಚಿನಲ್ಲಿ ಕೂತಳು. ಹದಿಮೂರರ ಮಗಳು ಐಶ್ವರ್ಯಾ ತಾಯಿಯ ಪಕ್ಕದಲ್ಲಿ ನಿಂತೇ ಇದ್ದಳು.

ಬಸಯ್ಯ ಪಂಪ್ ಸ್ಟೇಷನ್ನುಗಳ ಮೀಟರು, ಗೇಜು, ಪ್ಯಾನೆಲ್ಲುಗಳನ್ನು ನೋಡಿಕೊಳ್ಳುವ ಇನ್‌ಸ್ಟ್ರುಮೆಂಟ್ ಸೂಪರ್‌ವೈಸರ್. ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ, ಅದೇ ಕಂಪನಿಯ ಸ್ಟೋರ್ ಕೀಪರ್ ಬಾದುಶಾನನ್ನು ಕೂರಿಸಿಕೊಂಡು ಕಂಪನಿಯ ಪಿಕಪ್ಪಿನಲ್ಲಿ ಒಳನಾಡಿನ ಇಬ್ರಿ ಪಟ್ಟಣಕ್ಕೆ ಹೊರಟಿದ್ದ. ಇಬ್ರಿ ಇನ್ನು ನಲವತ್ತು ಕಿಲೋಮೀಟರಿದೆ ಎನ್ನುವಾಗ ಹಿಂದಿನ ಟೈರು ಸಿಡಿದು, ಗಾಡಿ ಎರಡು ಪಲ್ಟಿ ಹೊಡೆದು ಮತ್ತೆ ಚಕ್ರದ ಮೇಲೆ ನಿಂತಿತು. ಇಬ್ಬರೂ ಉಳಿಯಲಿಲ್ಲ. ಬಾದುಶಾನನ್ನು ಇಲ್ಲೇ ಮಣ್ಣು ಮಾಡಿದರು. ಬಸಯ್ಯನ ದೇಹವನ್ನು ಮಲ್ಲವ್ವ ಊರಿಗೆ ಒಯ್ದು, ಮಗಳ ವಾರ್ಷಿಕ ಪರೀಕ್ಷೆಗಾಗಿ ಮರಳಿ ಬಂದಿದ್ದಳು. ಬರುವಷ್ಟರಲ್ಲಿ ಸುದ್ದಿ ಅವಳಿಗಾಗಿ ಕಾದಿತ್ತು. ಅಪಘಾತವಾಗಿ ಐದು ದಿನದ ಮೇಲೆ, ಭಾನುವಾರ, ಕಂಪನಿಯ ತನಿಖಾ ಸಮಿತಿ ಪಿಕಪ್ಪನ್ನು ಪರೀಕ್ಷಿಸಿ ಅದರೊಳಗೆ ರಾಡಾರ್ ಡಿಟೆಕ್ಟರ್ ಇತ್ತೆಂದು ವರದಿ ಕೊಟ್ಟಿತ್ತು. ರಸ್ತೆಯ ವೇಗದ ಕ್ಯಾಮೆರಾ ಹತ್ತಿರ ಬಂದಾಗ ಮುಂಚೆಯೇ ಕೀಚಲು ದನಿಯಲ್ಲಿ ಎಚ್ಚರಿಸುವ, ಅಂಗೈಯಗಲದ ಪೆಟ್ಟಿಗೆ ಅದು. ಇಟ್ಟುಕೊಳ್ಳುವುದೇ ಅಪರಾಧ. ತಂತಿ ಒಂದಿಷ್ಟೂ ಕಾಣದಂತೆ ಅಚ್ಚುಕಟ್ಟಾಗಿ ಒಳಗಿಂದ ಜೋಡಿಸಿದ್ದರು. ಬಸಯ್ಯ ತನ್ನ ಕೈಯಾರೆ ಜೋಡಿಸಿಕೊಂಡು, ಮಿತಿಮೀರಿ ಓಡಿಸಿ, ಟೈರು ಸಿಡಿಸಿ, ಜೊತೆಯವನನ್ನೂ ಕೊಂದ ಎಂದಾಗಿತ್ತು ತೀರ್ಮಾನ.

"ಗಾಡಿಯೊಳಗ ವೇಗ ಬರಕೊಳ್ಳೋ ಪೆಟ್ಟಿಗಿ ಇರ್ತಿತ್ತಲ್ಲ?" ಸೋಮನಾಥ ಮೆಲ್ಲಗೆ ಕೇಳಿದ.

"ಜನವರಿಯೊಳಗ ಎಲ್ಲಾ ಕಿತ್ತು ಹಾಕ್ಯಾರ. ಖರ್ಚು ಉಳಿಸಾಕ," ಎಂದಳು ಮಲ್ಲವ್ವ. "ಸರ, ಮ್ಯಾಲಿನ ಮನಿ ಸುಹರಾ ನನ್ನ ಒಡಹುಟ್ಟಿದಾಕಿ ಹಂಗ ಇದ್ಲು. ಬಾದುಶಾನ ಹೇಣ್ತಿ. ಊರಿಂದ ಬಂದ ಕೂಡಲೆ ಮ್ಯಾಲ ಹತ್ತಿ ಹೋಗಿ ಬಾಗಿಲಾ ಬಡದೆ. ಒಳಗಿಂದ ಅಂದ್ಲು, 'ಮಲ್ಲವ್ವಕ್ಕ, ನಿಮ್ಮ ಮುಖ ನೋಡುವ ಶಕ್ತಿ ನನಗಿಲ್ಲ' ಅಂತ. ಬಾಗಿಲಾ ತಗೀಲಿಲ್ಲ."

"ಪಪ್ಪಾ ಹಂಡ್ರೆಡ್ ದಾಟ್ತಾನೇ ಇರಲಿಲ್ಲ, ಅಂಕಲ್," ಎಂದಳು ಐಶ್ವರ್ಯಾ. "ನೆವರ್. ನಾವು ಬೈತಿದ್ವಿ, ಸ್ಲೋ ಅಂತ."

ಬೊನಿಫಾಸ್ ತಾಯಿಯ ಕಡೆ ತಿರುಗಿ ಕೇಳಿದರು. "ಬಸಯ್ಯನ ಸಾಮಾನು ಏನಾದರೂ ನಿಮ್ಮ ಕೈಗೆ ಬಂತಾ?"

"ವಾಚು, ಮೊಬೈಲು, ಬುತ್ತಿ ಚೀಲ, ಕೆಲಸದ ಬ್ಯಾಗು. ಎಲ್ಲಾ ಅವತ್ತ ಮಂಗಳವಾರ ದವಾಖಾನಿಯೊಳಗ ಪೊಲೀಸರು ಸಹಿ ಮಾಡಿಸಿ ಕೊಟ್ರು."

"ಆ ಗಾಡಿಯ ವಿಮೆ ನಮ್ಮ ಕಚೇರಿಯದ್ದೇ," ಎಂದರು ಬೊನಿಫಾಸ್. "ಫೈಲು ಮುಚ್ಚುವ ಮೊದಲು ಗಾಡಿ ನೋಡುವ ಹಕ್ಕು ನನಗಿದೆ. ನಿಮ್ಮ ಗಂಡ ತಪ್ಪು ಮಾಡಿದ್ದರೆ ಅದನ್ನೂ ನಿಮಗೇ ಮೊದಲು ಹೇಳುತ್ತೇನೆ. ಅದಕ್ಕೆ ಒಪ್ಪಿಗೆಯಾ?"

ಮಲ್ಲವ್ವ ತಲೆಯೆತ್ತಿ ಅವರನ್ನೇ ನೋಡಿದಳು. "ಒಪ್ಪೀನ್ರಿ."

ಮರುದಿನ ಮಧ್ಯಾಹ್ನದ ಹೊತ್ತಿಗೆ ಅವರು ಇಬ್ರಿಯ ಹೊರಗಿದ್ದ ಕಂಪನಿಯ ಯಾರ್ಡ್ ತಲುಪಿದರು. ಬೊನಿಫಾಸ್ ಮೊದಲೇ ಫೋನ್ ಮಾಡಿದ್ದರಿಂದ ಠಾಣೆಯಿಂದ ಒಬ್ಬ ಪೊಲೀಸನೂ ಕ್ಯಾಮೆರಾ ಹಿಡಿದು ಬಂದಿದ್ದ. ಬಿಳಿಯ ಪಿಕಪ್ ತಂತಿ ಬೇಲಿಯ ಪಕ್ಕ ಬಿಸಿಲಿಗೆ ನಿಂತಿತ್ತು. ಚಾವಣಿ ಒಂದು ಕಡೆ ಕುಸಿದಿತ್ತು, ಬಾಗಿಲ ಗಾಜು ಪುಡಿಪುಡಿಯಾಗಿ ಒಳಗೆಲ್ಲ ಚೆಲ್ಲಿತ್ತು. ಚಾಲಕನ ಸೀಟಿನ ಮೇಲೆ ಒಣಗಿ ಕಂದು ಬಣ್ಣಕ್ಕೆ ತಿರುಗಿದ ರಕ್ತದ ಕಲೆ. ಸೋಮನಾಥ ಒಂದು ಹೆಜ್ಜೆ ಹಿಂದೆ ಸರಿದ.

"ದೂರ ಹೋಗಬೇಡ ಮಾರಾಯ," ಎಂದರು ಬೊನಿಫಾಸ್ ಮೆಲುದನಿಯಲ್ಲಿ. "ಅವನ ಕಡೆಯವನು ಅಂತ ಇಲ್ಲಿ ಇರುವುದು ನೀನೊಬ್ಬನೇ."

ಅವರು ಮೊದಲು ಒಳಗೆ ನೋಡಲಿಲ್ಲ. ಸಿಡಿದ ಹಿಂದಿನ ಟೈರಿನ ಬಳಿ ಮೊಣಕಾಲೂರಿ, ಅದರ ಪಕ್ಕೆಯ ಮಣ್ಣು ಒರೆಸಿ, ಅಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಗಳನ್ನು ಸೋಮನಾಥನಿಂದ ಓದಿಸಿದರು. ೨೨೦೯. ಬರೆದುಕೊಳ್ಳಲು ಹೇಳಿ ಮೇಲೆದ್ದರು.

ಡಿಟೆಕ್ಟರ್ ಇದ್ದುದು ಡ್ಯಾಶ್‌ಬೋರ್ಡಿನ ಎಡತುದಿಯಲ್ಲಿ, ಚಾಲಕನ ಎದುರಿನ ಗಾಜಿನ ಬುಡದಲ್ಲಿ. ಅಂಟುಪಟ್ಟಿಯ ಮೇಲೆ ಕೂರಿಸಿದ್ದರು. ಅದರ ತಂತಿ ಡ್ಯಾಶ್‌ಬೋರ್ಡಿನ ಸಂದಿಗೆ ಇಳಿದು, ಒಳಗೊಳಗೇ ಸಾಗಿ, ಚಾಲಕನ ಎಡ ಮೊಣಕಾಲಿನ ಬಳಿಯ ಫ್ಯೂಸ್ ಪೆಟ್ಟಿಗೆ ಸೇರಿತ್ತು. ಬೊನಿಫಾಸ್ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದರು. ಸೋಮನಾಥ ಬಗ್ಗಿ ನೋಡಿದ. ಅಂಥ ಕೆಲಸ ಅವನು ಮನೆಗಳ ಪ್ಯಾನೆಲ್ಲಿನಲ್ಲೂ ಕಂಡಿರಲಿಲ್ಲ. ನಾಲ್ಕು ಬೆರಳಿಗೊಂದರಂತೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ, ತಂತಿಯ ಪ್ರತಿ ತುದಿಗೂ ಸಣ್ಣ ಲೋಹದ ತೊಟ್ಟು ತೊಡಿಸಿ ಒತ್ತಿದ್ದರು.

"ಇದಕ್ಕೆ ಫೆರೂಲ್ ಅಂತಾರೆ, ಅಲ್ಲವಾ?" ಬೊನಿಫಾಸ್ ಕೇಳಿದರು.

"ಹೌದು ಸರ್. ಇನ್‌ಸ್ಟ್ರುಮೆಂಟ್ ಮಂದಿ ಹಾಕ್ತಾರ," ಎಂದ ಸೋಮನಾಥ. ಬಸಯ್ಯ ಇನ್‌ಸ್ಟ್ರುಮೆಂಟ್ ಮನುಷ್ಯನೇ ಅಲ್ಲವೇ?

"ಮೇಲಿನ ತುದಿ ನೋಡು."

ಡಿಟೆಕ್ಟರಿನಿಂದ ಹೊರಟ ಮೊದಲ ಗೇಣು ತಂತಿ ಬೇರೆಯೇ ಥರ ಇತ್ತು. ಅಲ್ಲೊಂದು ಬೆಸುಗೆ ಹಾಕಿದ ಗಂಟು, ಅದರ ಮೇಲೆ ಕಪ್ಪು ಬಟ್ಟೆಯ ಟೇಪು. ಗಂಟು ದಾಟಿ ಎರಡು ಅಂಗುಲಕ್ಕೆ ಆ ತಂತಿಯನ್ನು ಕತ್ತರಿಸಿ, ಅಲ್ಲಿಂದ ಮುಂದಕ್ಕೆ ಫೆರೂಲಿನ ಹೊಸ ತಂತಿ ಸೇರಿಸಿದ್ದರು.

"ಒಂದೇ ತಂತಿಗೆ ಎರಡು ಕೈ," ಎಂದು ಗೊಣಗಿ ಬೊನಿಫಾಸ್ ಫ್ಯೂಸಿನ ಗೂಡಿಗೆ ಬಂದರು. ತಂತಿ ಸಿಕ್ಕಿಸಿದ್ದ ಗೂಡಿನ ಎದುರು ಮುಚ್ಚಳದಲ್ಲಿ ಬಿಡಿ ಉಪಕರಣಗಳಿಗೆಂದು ಗುರುತು ಅಚ್ಚಾಗಿತ್ತು. ಅವರು ತಂತಿಯನ್ನು ಎಳೆದು ತೆಗೆದು ಗೂಡಿನೊಳಗೆ ಟಾರ್ಚ್ ಹಿಡಿದರು. ಪಕ್ಕದ ಗೂಡುಗಳಲ್ಲಿ ಹಿತ್ತಾಳೆಯ ನಾಲಿಗೆ ಮಿನುಗುತ್ತಿತ್ತು. ಈ ಗೂಡು ಬರೀ ಪ್ಲಾಸ್ಟಿಕ್. ಒಳಗೆ ಲೋಹವೇ ಇರಲಿಲ್ಲ. ಈ ಗಾಡಿಯ ದುಬಾರಿ ಮಾದರಿಗೆ ಮಾತ್ರ ಅಲ್ಲಿ ಕರೆಂಟು ಕೊಡುತ್ತಾರೆ, ಇಂಥ ಅಗ್ಗದ ಮಾದರಿಗೆ ಕೊಡುವುದಿಲ್ಲ ಎಂದರು.

ಕೊನೆಗೆ ಪೊಲೀಸನಿಗೆ ಕ್ಯಾಮೆರಾ ಸಿದ್ಧ ಮಾಡಿಕೊಳ್ಳಲು ಹೇಳಿ, ತೆಳ್ಳಗಿನ ಚಾಕುವಿನಿಂದ ಡಿಟೆಕ್ಟರನ್ನು ಡ್ಯಾಶ್‌ಬೋರ್ಡಿನಿಂದ ಬಿಡಿಸಿದರು. ಅಂಟುಪಟ್ಟಿಯ ಅಡಿಯಲ್ಲಿ ಸಕ್ಕರೆ ಹರಳಿನಂಥ ಮೂರು ಗಾಜಿನ ಚೂರು ಒತ್ತಿಕೊಂಡಿದ್ದವು. ವರ್ಷಗಳ ಬಿಸಿಲಿಗೆ ಡ್ಯಾಶ್‌ಬೋರ್ಡ್ ಬೂದಿ ಬಣ್ಣಕ್ಕೆ ತಿರುಗಿತ್ತು. ಡಿಟೆಕ್ಟರ್ ಕೂತಿದ್ದ ಜಾಗವೂ ಅದೇ ಬೂದಿ ಬಣ್ಣ.

ಗೇಟಿನ ಕಾವಲುಗಾರ ಪುಸ್ತಕ ತಂದು ತೋರಿಸಿದ. ಪೊಲೀಸರು ಗಾಡಿ ತಂದುಬಿಟ್ಟ ಮೇಲೆ, ಸಮಿತಿ ಬರುವ ಮುನ್ನ, ಅದರ ಬಳಿ ಹೋದವರು ಮೂವರೇ. ಬುಧವಾರ ಬೆಂಕಿಯ ಭಯಕ್ಕೆ ಬ್ಯಾಟರಿ ಬಿಚ್ಚಲು ಬಂದ ಕಂಪನಿಯ ವಾಹನ ಎಲೆಕ್ಟ್ರಿಷಿಯನ್ ಅದ್ದು, ಕಾಲು ಗಂಟೆ. ಗುರುವಾರ ವಾಹನಗಳ ಉಸ್ತುವಾರಿಯ ಜೆಫ್ರಿ, ಹತ್ತು ನಿಮಿಷ. ಶುಕ್ರವಾರ ಮೇಂಟೆನೆನ್ಸ್ ಮ್ಯಾನೇಜರ್ ಸಚ್ಚಿದಾನಂದ. ಹೊರಗೆ ಹೋದ ಹೊತ್ತು ಬರೆದಿರಲಿಲ್ಲ.

"ನಾನು ಜುಮಾ ನಮಾಜಿಗೆ ಹೋಗಿದ್ದೆ," ಎಂದ ಕಾವಲುಗಾರ ಹಿಂದಿಯಲ್ಲಿ. "ಬಡಾ ಸಾಬ್ ತೀರಿಕೊಂಡವರ ಬ್ಯಾಗ್ ಹುಡುಕಬೇಕು ಅಂದರು. ನಾನು ಬರುವಾಗಲೂ ಇಲ್ಲೇ ಇದ್ದರು."

ಮಸ್ಕತ್ತಿಗೆ ಮರಳಿದ ಮರುದಿನ ಅವರು ಮೂವರನ್ನೂ ನೋಡಿದರು. ಅದ್ದು ಉಳ್ಳಾಲದ ಕಡೆಯ ಬ್ಯಾರಿ. ಬಾದುಶಾನ ಊರಿನವನೇ. ಗ್ಯಾರೇಜಿನಲ್ಲಿ ಯಾವುದೋ ಕಾರಿನ ಕೆಳಗಿಂದ ಹೊರಬಂದು ಕೈ ಒರೆಸಿಕೊಂಡ. ಅವನಷ್ಟು ಚೊಕ್ಕವಾಗಿ ಕಾರಿನ ತಂತಿ ಕೂರಿಸುವವರು ಮಸ್ಕತ್ತಿನಲ್ಲಿಲ್ಲ ಎಂದು ಪ್ರತೀತಿ.

"ಬಸಯ್ಯಣ್ಣನಿಗೆ ನಾನು ಅದನ್ನು ಹಾಕಿ ಕೊಡಲಿಲ್ಲ ಸರ್. ಅಲ್ಲಾಹನಾಣೆ."

"ಬ್ಯಾಟರಿ ಬಿಚ್ಚುವಾಗ ಡ್ಯಾಶ್‌ಬೋರ್ಡ್ ಮೇಲೆ ಏನಾದರೂ ಕಂಡಿತಾ?"

"ನಾನು ಒಳಗೆ ನೋಡಲೇ ಇಲ್ಲ ಸರ್. ಬಾದುಶಾ ಕೂತಿದ್ದ ಸೀಟು ಅದು. ಹೇಗೆ ನೋಡುವುದು? ಬಾನೆಟ್ ಎತ್ತಿ, ಬ್ಯಾಟರಿ ತೆಗೆದು, ಬಂದುಬಿಟ್ಟೆ."

ಬೊನಿಫಾಸ್ ಮೊಬೈಲಿನಲ್ಲಿ ಆ ಬೆಸುಗೆಯ ಗಂಟಿನ ಚಿತ್ರ ತೋರಿಸಿದರು. ಅದ್ದು ಬಹಳ ಹೊತ್ತು ನೋಡಿದ. "ನನಗೆ ಮೂರು ಮಕ್ಕಳಿದ್ದಾರೆ ಸರ್," ಎಂದಷ್ಟೇ ಹೇಳಿ ಮತ್ತೆ ಕಾರಿನ ಕೆಳಗೆ ಸರಿದ.

ಜೆಫ್ರಿ ಉಡುಪಿಯವನು, ಬಿ.ಕಾಂ. ಓದಿದವನು. ಆಫೀಸಿನ ಬಾಗಿಲು ಹಾಕಿ ಬಂದು ತಗ್ಗಿದ ದನಿಯಲ್ಲಿ ಮಾತಾಡಿದ. "ನಾನು ನೋಡಲಿಕ್ಕೆ ಹೋದದ್ದು ಟೈರನ್ನು ಮಾತ್ರ, ಬೊನಿಫಾಸಣ್ಣ. ಆ ಗಾಡಿಗೆ ಹೊಸ ಟೈರು ಬೇಕು ಅಂತ ಮೂರು ಸಲ ಮೇಲೆ ಬರೆದಿದ್ದೆ. ಮೂರು ಸಲವೂ 'ಮುಂದಿನ ಕ್ವಾರ್ಟರ್' ಅಂತ ವಾಪಸ್ ಬಂತು. ಹೆಚ್ಚು ಕೇಳಬೇಡಿ. ಕೆಲಸದಿಂದ ತೆಗೆಯುವ ಮುಂದಿನ ಪಟ್ಟಿಯಲ್ಲಿ ನನ್ನ ಹೆಸರಿದೆ ಅಂತ ಹೇಳುತ್ತಾ ಇದ್ದಾರೆ."

ಸಂಜೆ ಮದೀನತ್ ಸುಲ್ತಾನ್ ಖಾಬೂಸಿನಲ್ಲಿದ್ದ ಸಚ್ಚಿದಾನಂದರ ವಿಲ್ಲಾಕ್ಕೆ ಹೋದರು. ಬೊನಿಫಾಸ್ ಗೇಟಿನ ಗಂಟೆ ಒತ್ತುವಾಗ ಸೋಮನಾಥ ಹೊರಗಿದ್ದ ಸಚ್ಚಿದಾನಂದರ ದೊಡ್ಡ ಕಾರಿನೊಳಗೆ ಸುಮ್ಮನೆ ಇಣುಕಿದ. ಒಳಗೆಲ್ಲ ಅಚ್ಚುಕಟ್ಟು. ಬಿಸಿಲಿಗೆ ಮಾಸಿದ ಡ್ಯಾಶ್‌ಬೋರ್ಡಿನ ತುದಿಯಲ್ಲಿ ಅಂಗೈಯಗಲದ ಜಾಗ ಮಾತ್ರ ಹೊಸದರಂತೆ ಕಪ್ಪಗಿತ್ತು. ಅದನ್ನು ಹಾಗೇ ಬೊನಿಫಾಸರಿಗೆ ಹೇಳಿದ. ಅವರು ಅವನ ಭುಜವನ್ನೊಮ್ಮೆ ಒತ್ತಿದರು.

ಸಚ್ಚಿದಾನಂದ ಧಾರವಾಡದವರು. ಐವತ್ತೈದರ ಗಂಭೀರ ಮನುಷ್ಯ. ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿ ಬಂದು, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತಿದವರು. ಬಸಯ್ಯನನ್ನು ಊರಿಂದ ಕರೆತಂದು ಕೆಲಸ ಕಲಿಸಿದವರೂ, ಈಗ ಸಮಿತಿಯ ವರದಿ ಬರೆದವರೂ ಅವರೇ.

"ಮಗನ ಹಂಗ ಇದ್ದ," ಎಂದರು. ಕಣ್ಣು ನಿಜವಾಗಿಯೂ ತುಂಬಿತ್ತು. "ಸತ್ತಾಂವನ ಮ್ಯಾಲ ವರದಿ ಬರಿಯೂ ಹೊತ್ತಿನ್ಯಾಗ ನನ್ನ ಕೈ ನಡುಗಿತು ಬೊನಿಫಾಸ್ ಅವರ. ಆದ್ರ ಖರೆ ಖರೇನ ಅಲ್ಲೇನ್ರಿ?"

"ಅದೇ ಖರೆಯನ್ನು ಎರಡೂ ಮನೆಯವರಿಗೆ ನೀವೇ ಬಂದು ಒಮ್ಮೆ ಹೇಳಬೇಕು. ಆಮೇಲೆ ಫೈಲು ಖಲಾಸ್," ಎಂದರು ಬೊನಿಫಾಸ್. ಸಚ್ಚಿದಾನಂದ ಒಪ್ಪಿದರು.

ಎಲ್ಲರೂ ಸೇರಿದ್ದು ಸುಹರಾಳ ಫ್ಲ್ಯಾಟಿನಲ್ಲಿ. ಗಂಡ ಸತ್ತ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಹೊರಬರದೆ ಕೂರುವ ಇದ್ದತ್ತಿನಲ್ಲಿ ಅವಳಿದ್ದುದರಿಂದ ಬೇರೆಲ್ಲೂ ಸೇರುವಂತಿರಲಿಲ್ಲ. ಅವಳು ಒಳಕೋಣೆಯಲ್ಲಿ ಪರದೆಯ ಹಿಂದೆ ಅಕ್ಕ ರುಕಿಯಾಳ ಜೊತೆ ಕೂತಿದ್ದಳು. ಹೊರಗಿನ ಕೋಣೆಯಲ್ಲಿ ಸಚ್ಚಿದಾನಂದ, ಜೆಫ್ರಿ, ಅದ್ದು. ಬಾಗಿಲ ಬಳಿ, ಒಳಗೆ ಪೂರ್ತಿ ಬರಲು ಹಿಂಜರಿದು, ಮಲ್ಲವ್ವ ಮತ್ತು ಐಶ್ವರ್ಯಾ.

ಬೊನಿಫಾಸ್ ನಿಂತೇ ಮಾತಾಡಿದರು.

"ಎರಡು ಜೀವ ಹೋದ ವಿಷಯ. ಹಾಗಾಗಿ ನಾನು ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ. ಡಿಟೆಕ್ಟರ್ ಅಂಟಿಸಿದ ಪಟ್ಟಿಯ ಅಡಿಯಲ್ಲಿ ಮೂರು ಗಾಜಿನ ಚೂರು ಇತ್ತು. ಬಾಗಿಲ ಗಾಜಿನದ್ದು. ಆ ಗಾಜು ಒಡೆದದ್ದು ಪಲ್ಟಿಯಾದಾಗ. ಪೆಟ್ಟಿಗೆ ಮೊದಲೇ ಅಲ್ಲಿದ್ದರೆ ಚೂರು ಅದರ ಮೇಲೆ ಬೀಳಬೇಕು, ಸುತ್ತ ಬೀಳಬೇಕು. ಅಡಿಗೆ ಹೋಗಲಿಕ್ಕೆ ಸಾಧ್ಯವಿಲ್ಲ. ಇನ್ನೊಂದು, ತುಂಬ ದಿನದಿಂದ ಇದ್ದಿದ್ದರೆ ಅದರ ಅಡಿಯ ಜಾಗ ಬಿಸಿಲು ಕಾಣದೆ ಕಪ್ಪಗೇ ಉಳಿಯಬೇಕಿತ್ತು. ಅದೂ ಉಳಿದಿರಲಿಲ್ಲ. ಅಂದರೆ ಬಸಯ್ಯ ಬದುಕಿದ್ದಾಗ ಆ ಗಾಡಿಯಲ್ಲಿ ಡಿಟೆಕ್ಟರ್ ಇರಲೇ ಇಲ್ಲ. ಸತ್ತ ಮೇಲೆ ಯಾರೋ ಕೂರಿಸಿದ್ದಾರೆ."

ಪರದೆಯ ಹಿಂದೆ ಉಸಿರೆಳೆದ ಸದ್ದು ಕೇಳಿತು. ಮಲ್ಲವ್ವ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಯಾರು? ಗಾಡಿ ಹತ್ತಿರ ಹೋದವರು ಮೂವರು. ಕೆಲಸದ ಚೊಕ್ಕತನ ನೋಡಿದರೆ ಎಲ್ಲರೂ ಅದ್ದುವಿನ ಹೆಸರೇ ಹೇಳುತ್ತಾರೆ. ಆದರೆ ತಂತಿ ಸಿಕ್ಕಿಸಿದ್ದು ಕರೆಂಟೇ ಇಲ್ಲದ ಗೂಡಿಗೆ. ಈ ಕಂಪನಿಯ ನಲವತ್ತು ಪಿಕಪ್ಪುಗಳ ಫ್ಯೂಸ್ ಪೆಟ್ಟಿಗೆ ಅದ್ದುವಿಗೆ ಕಣ್ಣುಮುಚ್ಚಿ ಗೊತ್ತು, ಅವನು ಆ ತಪ್ಪು ಮಾಡುವುದಿಲ್ಲ. ಮುಚ್ಚಳದ ಅಚ್ಚು ನೋಡಿ ನಂಬಿದ ಹೊರಗಿನವನು ಮಾಡುತ್ತಾನೆ. ಸಾಮಾನ್ಯವಾಗಿ ಅವನಿಗೂ ತಪ್ಪು ಗೊತ್ತಾಗುತ್ತದೆ, ಯಾಕೆಂದರೆ ಕೆಲಸ ಮುಗಿದ ಮೇಲೆ ಯಾರೇ ಆದರೂ ದೀಪ ಹೊತ್ತುತ್ತದಾ ಅಂತ ನೋಡುತ್ತಾರೆ. ಇವನಿಗೆ ನೋಡಲಿಕ್ಕೆ ಆಗಲಿಲ್ಲ. ಗಾಡಿಯಲ್ಲಿ ಬ್ಯಾಟರಿ ಇರಲಿಲ್ಲ. ಬುಧವಾರ ಅದ್ದು ಬಿಚ್ಚಿಕೊಂಡು ಹೋಗಿದ್ದ. ಹಾಗಾದರೆ ಕೆಲಸ ನಡೆದದ್ದು ಆಮೇಲೆ. ಗುರುವಾರ ಅಥವಾ ಶುಕ್ರವಾರ."

ಜೆಫ್ರಿ ಹಣೆಯ ಬೆವರು ಒರೆಸಿಕೊಂಡ.

"ಜೆಫ್ರಿ ಇದ್ದದ್ದು ಹತ್ತು ನಿಮಿಷ. ಇದು ಒಂದು ಗಂಟೆಯ ಕೆಲಸ. ಅದೂ ತಂತಿಯ ತುದಿತುದಿಗೆ ಫೆರೂಲ್ ಒತ್ತಿದ ಕೈ, ಪ್ಯಾನೆಲ್ ಕಟ್ಟಿ ಪಳಗಿದ ಕೈ. ಬಸಯ್ಯನದೇ ಅಂತ ಎಲ್ಲರೂ ನಂಬಲಿ ಅಂತ ಹಾಗೆ ಮಾಡಿದ್ದಾರೆ. ಬಸಯ್ಯನಿಗೆ ಆ ಕೈ ಬಂದದ್ದು ಯಾರಿಂದ ಅಂತ ನಿಮಗೆಲ್ಲ ಗೊತ್ತಿದೆ." ಬೊನಿಫಾಸ್ ಸಚ್ಚಿದಾನಂದರ ಕಡೆ ತಿರುಗಿದರು. "ಶುಕ್ರವಾರ ನೀವು ಬಸಯ್ಯನ ಬ್ಯಾಗ್ ಹುಡುಕಬೇಕು ಅಂತ ಯಾರ್ಡಿನ ಕಾವಲುಗಾರನಿಗೆ ಹೇಳಿದಿರಿ. ಬ್ಯಾಗು ಮಂಗಳವಾರವೇ ಈ ತಾಯಿಯ ಕೈ ಸೇರಿತ್ತು."

"ನನಗ ಅದು ಗೊತ್ತಿರಲಿಲ್ಲ," ಎಂದರು ಸಚ್ಚಿದಾನಂದ. ದನಿ ಸ್ಥಿರವಾಗಿಯೇ ಇತ್ತು. "ಇದೆಲ್ಲಾ ಊಹಾ ರೀ. ಆ ಡಿಟೆಕ್ಟರ್ ನನ್ನದು ಅನ್ನಾಕ ಏನದ ನಿಮ್ಮ ಹತ್ರ?"

"ನಿಮ್ಮದು ಅಂತ ನಾನಿನ್ನೂ ಹೇಳಲೇ ಇಲ್ಲವಲ್ಲ," ಎಂದರು ಬೊನಿಫಾಸ್.

ಆಗ ಅದ್ದು ಎದ್ದು ನಿಂತ.

"ಆ ಬೆಸುಗೆ ನನ್ನದು," ಎಂದ ಅದ್ದು, ಪರದೆಯ ಕಡೆ ಮುಖ ಮಾಡಿ. "ಸುಹರಾತ್ತ, ನನ್ನನ್ನು ಮಾಫ್ ಮಾಡಿ. ಎರಡು ವರ್ಷ ಹಿಂದೆ ದೊಡ್ಡ ಸರ್ ಕಾರಿಗೆ ನಾನೇ ಅದನ್ನು ಹಾಕಿಕೊಟ್ಟದ್ದು. ಕಾನೂನಿಗೆ ವಿರುದ್ಧ ಅಂತ ಗೊತ್ತಿತ್ತು. ಮೊನ್ನೆ ಚಿತ್ರ ನೋಡಿದ ಕೂಡಲೇ ನನ್ನ ಕೈ ನನಗೆ ಗೊತ್ತಾಯಿತು. ವೀಸಾ ಹೋದರೆ ಮಕ್ಕಳ ಗತಿ ಏನು ಅಂತ ಹೆದರಿ ಸುಮ್ಮನಾದೆ. ತಂತಿಯ ಉಳಿದ ತುಂಡು ಅವರ ಕಾರಿನೊಳಗೆ ಇನ್ನೂ ಉಂಟು. ಮುಂದಿನ ಗಾಜಿನ ಪಕ್ಕದ ಕಂಬದ ಹೊದಿಕೆ ಬಿಚ್ಚಿದರೆ ಸಿಗುತ್ತದೆ. ಅದೇ ಟೇಪು."

"ಅವರ ಡ್ಯಾಶ್‌ಬೋರ್ಡ್ ಮೇಲೆ ಅದು ಕೂತಿದ್ದ ಕಪ್ಪು ಜಾಗವೂ ಇದೆ. ಸೋಮನಾಥ ಕಂಡಿದ್ದಾನೆ," ಎಂದರು ಬೊನಿಫಾಸ್. "ಇನ್ನು ಯಾಕೆ ಅನ್ನುವುದು. ಸಿಡಿದ ಟೈರಿನ ಮೇಲೆ ೨೨೦೯ ಅಂತ ಇದೆ. ಎರಡು ಸಾವಿರದ ಒಂಬತ್ತನೇ ಇಸವಿಯ ಇಪ್ಪತ್ತೆರಡನೇ ವಾರ ತಯಾರಾದದ್ದು ಅಂತ ಅರ್ಥ. ಹತ್ತಿರ ಹತ್ತಿರ ಏಳು ವರ್ಷದ ಹಳೇ ಟೈರು ಈ ದೇಶದ ಬಿಸಿಲಲ್ಲಿ ನಿಧಾನ ಹೋದರೂ ಸಿಡಿಯುತ್ತದೆ. ಹೊಸತು ಕೊಡಿ ಅಂತ ಮೂರು ಸಲ ಬರೆದವರಿದ್ದಾರೆ. ಮೂರು ಸಲವೂ ಬೇಡ ಅಂತ ಸಹಿ ಮಾಡಿದವರೂ ಇದ್ದಾರೆ."

ಜೆಫ್ರಿ ಚೀಲದಿಂದ ಮೂರು ಹಾಳೆ ತೆಗೆದು ಟೀಪಾಯಿಯ ಮೇಲಿಟ್ಟ. ಯಾರೂ ಅವನನ್ನು ಕೇಳಿರಲಿಲ್ಲ.

ಸಚ್ಚಿದಾನಂದ ಆ ಹಾಳೆಗಳನ್ನು ಮುಟ್ಟಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ನನ್ನ ಹೆಸರೂ ತಗಿಯೂ ಪಟ್ಟಿಯೊಳಗಿತ್ತು," ಎಂದರು ಕೊನೆಗೆ. "ಖರ್ಚು ಕಡಿಮಿ ಮಾಡಿ ತೋರಸ್ರಿ, ಉಳಸ್ತೀವಿ ಅಂದ್ರು. ಟೈರು ಮುಂದಕ್ಕ ಹಾಕಿದೆ. ಏನೂ ಆಗಂಗಿಲ್ಲ ಅಂದಕೊಂಡೆ. ಸುದ್ದಿ ಬಂದ ಮ್ಯಾಲ ನನ್ನ ಸಹಿ ಒಂದ ಕಣ್ಣ ಮುಂದ ನಿಂತು ಬಿಡ್ತು. ಬಸಯ್ಯ ಅಂತೂ ಹೋಗ್ಯಾನ, ಇನ್ನ ಅವಗೇನು ನೋವಾಗತದ ಅಂತ..."

ಮಲ್ಲವ್ವ ಬಾಗಿಲು ಬಿಟ್ಟು ಎರಡು ಹೆಜ್ಜೆ ಒಳಗೆ ಬಂದಳು. ಅಳುತ್ತಿರಲಿಲ್ಲ.

"ಟೈರಿನ ಮಾತು ಹೆದರಿ ಮಾಡಿದ್ರಿ ಅಂತ ಇಟ್ಕೋತೀನ್ರಿ. ಎಲ್ಲಾರೂ ಹೆದರ್ಯಾರ ಈ ವರ್ಷ. ಆದ್ರ ಶುಕ್ರವಾರ ಹೋಗಿ, ಅವರ ರಕ್ತ ಆರಿದ ಸೀಟಿನ ಬಾಜು ಕುಂತು, ಒಂದೊಂದ ತಂತಿ ಸಾಪ ಮಾಡಿ ಜೋಡಿಸಿದ್ರಿ. ಒಂದು ತಾಸು. ಒಮ್ಮೆರ ಕೈ ನಿಲ್ಲಲಿಲ್ಲೇನ್ರಿ ನಿಮಗ?"

ಸಚ್ಚಿದಾನಂದ ಕನ್ನಡಕವನ್ನು ಟೀಪಾಯಿಯ ಹಾಳೆಗಳ ಮೇಲಿಟ್ಟರು.

ಆಗ ಪರದೆ ಸರಿಯಿತು. ಬಿಳಿ ದುಪ್ಪಟ್ಟಾವನ್ನು ಮುಖದ ತುಂಬ ಎಳೆದುಕೊಂಡ ಸುಹರಾ ಹೊಸ್ತಿಲ ತನಕ ಬಂದು, ಗಂಡಸರತ್ತ ನೋಡದೆ ಕೈ ಚಾಚಿದಳು. "ಮಲ್ಲವ್ವಕ್ಕ, ಒಳಗೆ ಬನ್ನಿ," ಎಂದಳು. ಮಲ್ಲವ್ವ ಹೋದಳು. ಪರದೆ ಮತ್ತೆ ಮುಚ್ಚಿತು. ಒಳಗಿಂದ ಮೊದಲು ಒಬ್ಬಳ ಅಳು, ಆಮೇಲೆ ಇಬ್ಬರದೂ ಕೇಳಿಸಿತು. ಬೊನಿಫಾಸ್ ಸನ್ನೆ ಮಾಡಿದರು. ಗಂಡಸರೆಲ್ಲ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದರು.

ಕೆಳಗೆ ಸಚ್ಚಿದಾನಂದ ತಮ್ಮ ಕಾರಿನ ಕೀಲಿಯನ್ನು ತಾವಾಗಿಯೇ ಬೊನಿಫಾಸರ ಕೈಗಿತ್ತರು. ಸೋಮನಾಥ ಸಚ್ಚಿದಾನಂದ, ಅದ್ದು, ಬೊನಿಫಾಸ್ ಮೂವರನ್ನೂ ತನ್ನ ಕಾರಿನಲ್ಲಿ ಠಾಣೆಗೆ ಕರೆದೊಯ್ದ. ಠಾಣೆಯ ಬಾಗಿಲಲ್ಲಿ ಅದ್ದು ಒಂದು ಕ್ಷಣ ನಿಂತ. ಬೊನಿಫಾಸ್ ಅವನ ಜೊತೆಗೇ ಒಳಗೆ ಹೋಗಿ, ಅವನ ಹೇಳಿಕೆ ಮುಗಿಯುವ ತನಕ ಮೂರು ಗಂಟೆ ಪಕ್ಕದಲ್ಲೇ ಕೂತಿದ್ದರು. ಪೊಲೀಸರು ಅದ್ದುವಿಗೆ ದಂಡ ಹಾಕಿ, ಎಚ್ಚರಿಕೆ ಕೊಟ್ಟು ಬಿಟ್ಟರು. ಸಚ್ಚಿದಾನಂದ ಕೋರ್ಟು ಮುಗಿಯುವ ತನಕ ದೇಶ ಬಿಡುವಂತಿರಲಿಲ್ಲ.

ಪೊಲೀಸರ ಕೊನೆಯ ವರದಿ, ಇಂಗ್ಲಿಷ್ ಅನುವಾದದ ಜೊತೆ, ಬಂದದ್ದು ಮೇ ತಿಂಗಳಲ್ಲಿ. ಅದನ್ನು ತಲುಪಿಸಲು ಬೊನಿಫಾಸ್ ಸೋಮನಾಥನನ್ನೇ ಕಳಿಸಿದರು. ಅವನು ಮಲ್ಲವ್ವನ ಮನೆಗೆ ಹೋದರೆ ಬೀಗ. ಮೇಲಿನ ಮಹಡಿಯಲ್ಲಿ ಸುಹರಾಳ ಬಾಗಿಲು ತೆರೆದಿತ್ತು. ಒಳಗೆ ಮಲ್ಲವ್ವ, ಸುಹರಾ ಇಬ್ಬರೂ ಪರದೆಯಾಚೆ ಊರಿಗೆ ಒಯ್ಯುವ ಪೆಟ್ಟಿಗೆ ಕಟ್ಟುವ ಸದ್ದು. ಐಶ್ವರ್ಯಾ ಬಂದು ಲಕೋಟೆ ತೆಗೆದುಕೊಂಡಳು.

"ಏನು ಬರದಾರ, ಓದವಾ," ಎಂದಳು ಮಲ್ಲವ್ವ ಒಳಗಿಂದ. "ಕನ್ನಡದಾಗ ಹೇಳು. ಇಬ್ಬರಿಗೂ ತಿಳಿಯೂ ಹಂಗ."

ಮಾತಿಗೊಂದು ಇಂಗ್ಲಿಷ್ ಪದ ಬೆರೆಸುವ ಹುಡುಗಿ ಅದು. ಒಂದೊಂದೇ ಪದಕ್ಕೆ ತಡಕಾಡುತ್ತ ಓದಿದಳು. "ಹಳೆಯ ಟೈರು ಒಡೆದು ಆಕ್ಸಿಡೆಂಟ್ ಆಯಿತು. ಗಾಡಿಯ ವೇಗ ಲಿಮಿಟ್ ಒಳಗೇ ಇತ್ತು, ರೋಡ್ ಮೇಲಿನ ಟೈರ್ ಗುರುತು ಅಳೆದು ನೋಡಿದ್ದಾರೆ. ಚಾಲಕ..." ಮತ್ತೆ ಕಾಗದವನ್ನು ಕಣ್ಣಿನ ಹತ್ತಿರ ತಂದುಕೊಂಡಳು.

"ಚಾಲಕ ಬಸಯ್ಯನವರ ತಪ್ಪು ಏನೂ ಇಲ್ಲ."

ಒಳಗೆ ಪೆಟ್ಟಿಗೆ ಕಟ್ಟುವ ಸದ್ದು ನಿಂತಿತ್ತು. ಐಶ್ವರ್ಯಾ ಅದೇ ಸಾಲನ್ನು ಇನ್ನೊಮ್ಮೆ ಓದಿದಳು, ಈ ಸಲ ಜೋರಾಗಿ, ಮೆಟ್ಟಿಲಿನವರೆಗೂ ಕೇಳುವ ಹಾಗೆ.